ಮಗುವಿನೊಂದಿಗೆ ದೂರದ ವಿಮಾನಯಾನ: ಜೈನ ಕುಟುಂಬಗಳಿಗೆ ಮಾಹಿತಿ

ಮಗ, ಮಗಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿರುವ ಜೈನ ಮನೆಗಳು ಇಂದು ಬೆಳಗಾವಿ, ಹುಬ್ಬಳ್ಳಿ, ಮೂಡುಬಿದಿರೆ, ಮೈಸೂರು ಎಲ್ಲೆಡೆ ಇವೆ. ಎಳೆಮಗುವನ್ನು ಕಟ್ಟಿಕೊಂಡು ಹೋಗಿಬರುವುದು ಈಗ ಅಪರೂಪವಲ್ಲ. ಬೆಂಗಳೂರಿನಿಂದ ಯುರೋಪಿಗೆ ನೇರ ವಿಮಾನದಲ್ಲಿ ಸುಮಾರು 10 ಗಂಟೆ ಬೇಕು. ಅಮೆರಿಕಕ್ಕೆ ನಡುವೆ ವಿಮಾನ ಬದಲಿಸಿ ಹೋದರೆ 20 ಗಂಟೆ ಮೀರುವುದು ಸಾಮಾನ್ಯ. ಈ ಪ್ರಯಾಣದಲ್ಲಿ ಉಳಿದೆಲ್ಲವನ್ನೂ ಸುಧಾರಿಸಬಹುದು. ಹಸಿದ ಮಗುವನ್ನು ಸುಧಾರಿಸಲಾಗದು. ಆದ್ದರಿಂದ ಮಗುವಿನ ಆಹಾರವನ್ನು ವಿಮಾನ ಸಂಸ್ಥೆಗೆ ಬಿಡದೆ ಮನೆಯಿಂದಲೇ ಒಯ್ಯುವುದು ಮೊದಲ ನಿಯಮ.

ಟಿಕೆಟ್ ಮತ್ತು ದಾಖಲೆಗಳು

2 ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಇದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು ಮತ್ತು ತೆರಿಗೆ ಕೊಡಬೇಕಾಗುತ್ತದೆ. ಹೋಗುವಾಗ 2 ತುಂಬಿರದೆ, ಮರಳುವ ಹೊತ್ತಿಗೆ ತುಂಬಿದರೆ ಮರಳುವ ಪ್ರಯಾಣಕ್ಕೆ ಪ್ರತ್ಯೇಕ ಸೀಟು ಬೇಕು. ಟಿಕೆಟ್ ಮಾಡಿಸುವಾಗಲೇ ಹುಟ್ಟಿದ ದಿನಾಂಕವನ್ನು ಸರಿಯಾಗಿ ಕೊಡಿ.

ಹಸುಗೂಸಿಗೂ ಸ್ವಂತ ಪಾಸ್‌ಪೋರ್ಟ್ ಮತ್ತು ವೀಸಾ ಕಡ್ಡಾಯ. ಭಾರತದಲ್ಲಿ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಊರ್ಜಿತ. ಹೊರದೇಶದಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಇರುವ ಮಗು ಭಾರತಕ್ಕೆ ಬರಲು ಒಸಿಐ ಕಾರ್ಡ್ ಅಥವಾ ಭಾರತದ ವೀಸಾ ಇರಬೇಕು. ತಂದೆ ತಾಯಿಯಲ್ಲಿ ಒಬ್ಬರೇ ಹೋಗುತ್ತಿದ್ದರೆ, ಇಲ್ಲವೇ ಅಜ್ಜ ಅಜ್ಜಿ ಕರೆದೊಯ್ಯುತ್ತಿದ್ದರೆ, ಜೊತೆಗಿಲ್ಲದ ತಂದೆ ತಾಯಿಯ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಮತ್ತು ಜನನ ಪ್ರಮಾಣಪತ್ರ ಕೈಯಲ್ಲಿರಲಿ.

ಸೀಟು ಮತ್ತು ತೊಟ್ಟಿಲು

ಕ್ಯಾಬಿನ್ನಿನ ಮುಂಭಾಗದ ಗೋಡೆಗೆ ಸಿಕ್ಕಿಸುವ ತೊಟ್ಟಿಲಿಗೆ ಬ್ಯಾಸಿನೆಟ್ ಎನ್ನುತ್ತಾರೆ. ಒಂದು ವಿಮಾನದಲ್ಲಿ ಇವು ಕೆಲವೇ ಇರುತ್ತವೆ. ಟಿಕೆಟ್ ಆದ ದಿನವೇ ಕೇಳಿಡಿ. ಮಗುವಿನ ತೂಕ ಮತ್ತು ಎತ್ತರದ ಮಿತಿ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಬಗೆ. ವಿಮಾನ ಏರುವಾಗ, ಇಳಿಯುವಾಗ ಮತ್ತು ಬೆಲ್ಟ್ ದೀಪ ಹೊತ್ತಿದಾಗ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಬೇಕು. ಜಾಗವಿದೆಯೆಂದು ನೆಲದ ಮೇಲೆ ಮಲಗಿಸಬೇಡಿ. ವಿಮಾನ ಕುಲುಕಿದರೆ ಪೆಟ್ಟಾಗುತ್ತದೆ. ಖರ್ಚು ಸಾಧ್ಯವಿದ್ದರೆ ಮಗುವಿಗೆ ಪ್ರತ್ಯೇಕ ಸೀಟು ಪಡೆದು, ವಿಮಾನದಲ್ಲಿ ಬಳಸಲು ಅನುಮತಿಯಿರುವ ಮಕ್ಕಳ ಆಸನದಲ್ಲಿ ಕೂರಿಸುವುದು ಹೆಚ್ಚು ಸುರಕ್ಷಿತ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಇದೇ.

ಜೈನ ಊಟ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ವಿಮಾನ ಸಂಸ್ಥೆಗಳ ಭಾಷೆಯಲ್ಲಿ ಜೈನ ಊಟದ ಸಂಕೇತ ವಿಜೆಎಂಎಲ್. ಇದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಇರುವುದಿಲ್ಲ. ಎವಿಎಂಎಲ್ ಎಂಬುದು ಭಾರತೀಯ ಶೈಲಿಯ ಸಸ್ಯಾಹಾರ. ಅದರಲ್ಲಿ ಆಲೂಗಡ್ಡೆ, ಈರುಳ್ಳಿ ಇರಬಹುದು. ಇವೆರಡನ್ನೂ ಒಂದೇ ಎಂದು ತಿಳಿಯಬೇಡಿ.

ಮಕ್ಕಳ ಊಟಕ್ಕೆ ಸಿಎಚ್‌ಎಂಎಲ್, ಹಸುಗೂಸಿನ ಊಟಕ್ಕೆ ಬಿಬಿಎಂಎಲ್ ಎಂಬ ಬೇರೆ ಸಂಕೇತಗಳಿವೆ. ಇವು ಜೈನ ಊಟವಲ್ಲ. ಮಕ್ಕಳ ಊಟದಲ್ಲಿ ಮಾಂಸ, ಮೊಟ್ಟೆ ಬರಬಹುದು. ಹಸುಗೂಸಿಗೆ ಕೊಡುವ ಬಾಟಲಿಯ ಆಹಾರದಲ್ಲಿ ಕ್ಯಾರೆಟ್, ಆಲೂಗಡ್ಡೆ, ಸಿಹಿಗೆಣಸು ಇರುವುದು ಮಾಮೂಲು. ಸಾಮಾನ್ಯವಾಗಿ ಒಂದು ಸೀಟಿಗೆ ಒಂದೇ ಸಂಕೇತ ದಾಖಲಾಗುತ್ತದೆ. ಹೀಗಾಗಿ ಸೀಟಿರುವ ಮಗುವಿಗೆ ಜೈನ ಊಟವನ್ನೇ ಹೇಳಿ. ಅದು ದೊಡ್ಡವರಿಗೆಂದೇ ಮಾಡಿದ್ದು, ಖಾರವಿರಬಹುದು. ಅನ್ನ, ಮೊಸರು, ಹಣ್ಣಷ್ಟನ್ನು ಮಗು ತಿಂದೀತು. ಉಳಿದದ್ದಕ್ಕೆ ನಿಮ್ಮ ಡಬ್ಬಿ ಇರಲಿ.

ಜೈನ ಊಟವನ್ನು ಟಿಕೆಟ್ ಮಾಡಿಸುವಾಗಲೇ ದಾಖಲಿಸಿ, ಹೊರಡುವ 2–3 ದಿನ ಮೊದಲು ಮತ್ತೆ ಖಚಿತಪಡಿಸಿಕೊಳ್ಳಿ. ಪ್ರಯಾಣದ ಎರಡನೇ ಭಾಗ ಬೇರೆ ಸಂಸ್ಥೆಯದಾದರೆ ಅಲ್ಲಿಯೂ ಕೇಳಬೇಕು. ವಿಮಾನದ ಸಮಯ ಬದಲಾದಾಗ ಊಟದ ಕೋರಿಕೆ ಬಿಟ್ಟುಹೋಗುವ ಸಾಧ್ಯತೆ ಉಂಟು.

ಮನೆಯಿಂದ ಒಯ್ಯುವ ಆಹಾರ

6 ತಿಂಗಳ ಒಳಗಿನ ಮಗುವಿಗೆ ಎದೆಹಾಲು ಅಥವಾ ವೈದ್ಯರು ಹೇಳಿದ ಹಾಲಿನ ಪುಡಿ ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಹಾಲಿನ ಪುಡಿಯನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟು ಅಳೆದು ಚಿಕ್ಕ ಡಬ್ಬಿಗಳಲ್ಲಿ ತುಂಬಿಡಿ. ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ಆರಿಸಿ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಬೆರೆಸಿದ ಹಾಲನ್ನು 2 ಗಂಟೆಯೊಳಗೆ ಕುಡಿಸಿ, ಉಳಿದದ್ದನ್ನು ಚೆಲ್ಲಿ. ವಿಮಾನದ ನಲ್ಲಿ ನೀರನ್ನು ಮಗುವಿಗೆ ಬಳಸಬೇಡಿ. ಸೋಸಿ ಕುದಿಸಿದ ನೀರನ್ನು ಥರ್ಮಾಸ್‌ನಲ್ಲಿ ಒಯ್ಯಿರಿ.

ಅನ್ನ ತಿನ್ನುವ ಮಗುವಿಗೆ ಹುರಿದು ಬೀಸಿದ ರಾಗಿ ಹಿಟ್ಟು (ಮೊಳಕೆ ಕಟ್ಟುವ ರೂಢಿ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಹಾಗೆಯೇ), ಅಕ್ಕಿ ಮತ್ತು ಹೆಸರುಬೇಳೆ ಹುರಿದು ಮಾಡಿದ ಪುಡಿ, ತೆಳು ಅವಲಕ್ಕಿ ಚೆನ್ನಾಗಿ ಒದಗುತ್ತವೆ. ಹಿಟ್ಟುಗಳನ್ನು ಮನೆಯಲ್ಲೇ ಬೇಯಿಸಿದಷ್ಟು ಹದಕ್ಕೆ ಹುರಿದಿರಬೇಕು; ಬಿಸಿನೀರು ಹಾಕಿ ಕಲಸಿದರೆ ಊಟ ಸಿದ್ಧ. ದೊಡ್ಡ ಮಕ್ಕಳಿಗೆ ಖಾಕ್ರಾ, ತುಪ್ಪದ ಚಪಾತಿ, ಬಾಳೆಹಣ್ಣು ಸಾಕು. ಮೊಸರನ್ನ ಮೊದಲ 3–4 ಗಂಟೆಗಷ್ಟೇ, ಆಮೇಲೆ ಕೆಡಬಹುದು. ಪ್ರಯಾಣದ ಗಂಟೆಗಳನ್ನು ಲೆಕ್ಕ ಹಾಕಿ, ವಿಳಂಬಕ್ಕೆಂದು ಇನ್ನರ್ಧ ದಿನದ ಆಹಾರ ಸೇರಿಸಿ.

ಕೈಚೀಲದಲ್ಲಿ 100 ಮಿ.ಲೀ. ಮೀರಿದ ದ್ರವ ಬೇಡವೆಂಬ ನಿಯಮದಿಂದ ಮಗುವಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾದಷ್ಟು ಪ್ರಮಾಣದಲ್ಲಿ ವಿನಾಯಿತಿ ಇದೆ. ಭದ್ರತಾ ತಪಾಸಣೆಯಲ್ಲಿ ಅವನ್ನು ಬೇರೆ ತೆಗೆದು ತೋರಿಸಿ. ಹಣ್ಣು, ಬೀಜ, ಹಾಲಿನ ಪದಾರ್ಥಗಳಿಗೆ ಅಮೆರಿಕ, ಆಸ್ಟ್ರೇಲಿಯಾದಲ್ಲಿ ಕಟ್ಟುನಿಟ್ಟಿದೆ. ಹಣ್ಣನ್ನು ಇಳಿಯುವ ಮೊದಲೇ ಮುಗಿಸಿ, ಉಳಿದ ಆಹಾರವನ್ನು ಫಾರ್ಮಿನಲ್ಲಿ ಘೋಷಿಸಿ.

ನಾವು ಜೇನು ಬಿಡುವುದು ಧರ್ಮದ ಕಾರಣಕ್ಕೆ. 1 ವರ್ಷದೊಳಗಿನ ಮಗುವಿಗೆ ಜೇನು ಬೇಡವೆಂದು ವೈದ್ಯರೂ ಹೇಳುತ್ತಾರೆ. ಅದರಿಂದ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಹೊರದೇಶದ ಮಕ್ಕಳ ಬಿಸ್ಕತ್ತುಗಳಲ್ಲಿ ಜೇನು ಮತ್ತು ಮೊಟ್ಟೆ, ಜಗಿಯುವ ಮಿಠಾಯಿ ಮತ್ತು ವಿಟಮಿನ್‌ಗಳಲ್ಲಿ ಜೆಲಾಟಿನ್ ಇರಬಹುದು. ಲೇಬಲ್ ಓದದೆ ಕೊಡಬೇಡಿ.

ರಾತ್ರಿ ಊಟದ ಪ್ರಶ್ನೆ

ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿಯ ನಂತರ ಹೊರಡುತ್ತವೆ. ಊಟ ಬರುವುದು ಆಮೇಲೆ. ರಾತ್ರಿ ಭೋಜನ ಬಿಟ್ಟ ದೊಡ್ಡವರು ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ ಹೊರಡುವುದು ಸುಲಭ ದಾರಿ. ಎಳೆಮಗುವಿನ ಮಾತು ಬೇರೆ. ಹಾಲು ಕುಡಿಯುವ ಮಗುವಿಗೆ ಹಸಿದಾಗ ಕೊಡಬೇಕು, ಹೊತ್ತು ನೋಡುವಂತಿಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಉಪನೀತಿ ಕ್ರಿಯೆ ಹೇಳಿರುವುದೇ ಗರ್ಭದಿಂದ ಎಂಟನೆಯ ವರ್ಷಕ್ಕೆ. ನಿಯಮ ಪಾಲಿಸುತ್ತಿರುವ ದೊಡ್ಡ ಮಗುವಾದರೆ, ವಿಮಾನದಲ್ಲಿ ಯಾವ ಊರಿನ ಹೊತ್ತು ಹಿಡಿಯಬೇಕೆಂದು ಮೊದಲೇ ಗುರುಗಳನ್ನು ಕೇಳಿ ತೀರ್ಮಾನಿಸಿ. ಆಗ ಮಗುವಿಗೆ ಗೊಂದಲವಿರದು.

ಆರೋಗ್ಯ

ಹಾರಾಟದಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ಇಳಿಯುವಾಗ ಒತ್ತಡ ಏರಿ ಕಿವಿ ನೋಯುತ್ತದೆ. ನುಂಗುವುದೇ ಇದಕ್ಕೆ ಮದ್ದು. ಇಳಿಯಲು ಅರ್ಧ ಗಂಟೆ ಇರುವಾಗಿನಿಂದ ಮಗುವನ್ನು ಎಚ್ಚರವಾಗಿಟ್ಟು ಹಾಲೂಡಿಸಿ. ದೊಡ್ಡ ಮಗುವಿಗೆ ಗುಟುಕು ಗುಟುಕಾಗಿ ನೀರು ಕೊಡಿ. ಶೀತ, ಕಿವಿ ಸೋರುವಿಕೆ ಇದ್ದರೆ ಮೊದಲೇ ವೈದ್ಯರಿಗೆ ತೋರಿಸಿ.

ನಿದ್ದೆ ಬರಲಿ ಎಂದು ಶೀತದ ಔಷಧಿ ಕುಡಿಸುವುದು ತಪ್ಪು. ಉಸಿರಾಟಕ್ಕೆ ತೊಂದರೆಯಾಗಬಹುದು, ಕೆಲವು ಮಕ್ಕಳು ನಿದ್ದೆಯ ಬದಲು ಇನ್ನಷ್ಟು ಚಡಪಡಿಸುತ್ತಾರೆ. ಹೊರದೇಶಕ್ಕೆ ಹೊರಟ 6ರಿಂದ 11 ತಿಂಗಳ ಮಗುವಿಗೆ ದಡಾರ ಲಸಿಕೆಯನ್ನು ಮುಂಚಿತವಾಗಿ ಕೊಡಿಸುವ ಪದ್ಧತಿ ಅಮೆರಿಕದಲ್ಲಿದೆ. ಈ ಬಗ್ಗೆ ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ.

ಹೊರಡುವ ದಿನ

ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿ.ಮೀ. ಅಷ್ಟು ದೂರ ರಸ್ತೆಯಲ್ಲಿ ಬಂದು ನೇರ ವಿಮಾನ ಹತ್ತಿದರೆ ಮಗು ಹೈರಾಣಾಗುತ್ತದೆ. ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ತಂಗಿ. ಕೈಚೀಲದಲ್ಲಿ ಇವಿಷ್ಟು ಇರಲಿ:

• ಎಲ್ಲರ ಪಾಸ್‌ಪೋರ್ಟ್, ವೀಸಾ, ಒಪ್ಪಿಗೆ ಪತ್ರ, ಲಸಿಕೆ ಕಾರ್ಡ್
• ಲೆಕ್ಕ ಹಾಕಿದ ಆಹಾರ, ಥರ್ಮಾಸ್, ಚಮಚ, ಬಟ್ಟಲು
• ಗಂಟೆಗೆ ಒಂದರಂತೆ ಡೈಪರ್, ಒರೆಸುವ ಬಟ್ಟೆ, ಕಸಕ್ಕೆ ಚೀಲ
• ಮಗುವಿಗೆ ಎರಡು ಜೊತೆ, ಎತ್ತಿಕೊಳ್ಳುವವರಿಗೆ ಒಂದು ಜೊತೆ ಬಟ್ಟೆ
• ವೈದ್ಯರು ಬರೆದ ಜ್ವರದ ಔಷಧಿ, ಚೀಟಿಯ ಸಮೇತ
• ಸದ್ದು ಮಾಡದ ಒಂದೆರಡು ಆಟಿಕೆ, ಮಗುವಿಗೆ ಒಗ್ಗಿದ ಹೊದಿಕೆ

ತಲುಪಿದ ಮೇಲೆ ಕೆಲವು ದಿನ ಮಗು ನಡುರಾತ್ರಿ ಎದ್ದು ಊಟ ಕೇಳುವುದು ಸಹಜ. ಬೆಳಗಿನ ಬಿಸಿಲಿಗೆ ಒಯ್ಯಿರಿ. ವಾರದೊಳಗೆ ಬಹುತೇಕ ಮಕ್ಕಳು ಹೊಸ ಹೊತ್ತಿಗೆ ಒಗ್ಗುತ್ತಾರೆ. ಅಲ್ಲಿಯವರೆಗೆ ಆ ರಾಗಿ ಹಿಟ್ಟಿನ ಡಬ್ಬಿ ಕೈಗೆ ಸಿಗುವಂತಿರಲಿ.