ಕೆಲಸ ಅವರದು, ಹುಕುಂ ಯಾರದು?

ಚಿಂತಾಮಣಿ ಕಡೆಯವರಿಗೆ ಅಂಬಾಜಿದುರ್ಗ ಎಂದರೆ ಕಣ್ಣೆತ್ತಿದಾಗಲೆಲ್ಲ ಕಾಣುವ ಬೆಟ್ಟ. ಟಿಪ್ಪುವಿನ ಕಾಲದಲ್ಲಿ ಭದ್ರಗೊಂಡ ಅದರ ಮೇಲಿನ ಕೋಟೆ 1791ರಲ್ಲಿ ಇಂಗ್ಲಿಷರ ಕೈಸೇರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿದುರ್ಗವೂ ಬಿತ್ತು. ಇಂಥ ಗಿರಿದುರ್ಗಗಳಲ್ಲಿ ಅರಸ ಇರುತ್ತಿರಲಿಲ್ಲ, ಕಿಲ್ಲೇದಾರ ಇರುತ್ತಿದ್ದ. ಬಾಗಿಲು ಕಾಯುವ ಕೆಲಸ ಅವನದು, ಹುಕುಂ ಶ್ರೀರಂಗಪಟ್ಟಣದ್ದು.

ಇದೇ ಸೀಮೆಯ ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ನನಗೆ ಈ ಕಿಲ್ಲೇದಾರ ನೆನಪಾಗುತ್ತಾನೆ. ಇಂದು ಅದು ದಕ್ಷಿಣ ಭಾರತ ಸಭೆಯದು, ಅಂದರೆ ಸಿ.ಎಸ್.ಐ.ನದು. ಪರದೇಶದವರು ಕಟ್ಟಿ ನಡೆಸಿದ ಸಭೆ, ಶಾಲೆ, ಆಸ್ಪತ್ರೆಗಳು ಈ ನೆಲದವರ ಕೈಗೆ ಬಂದದ್ದು ಹೇಗೆ? ಕೊಟ್ಟರೋ, ಇವರೇ ಪಡೆದರೋ, ಕಾಲವೇ ಕಿತ್ತು ಕೊಟ್ಟಿತೋ? ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವವರು ಬಯಲುಸೀಮೆಯಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು. ಬಾಸೆಲ್ ಮಿಷನ್ನಿನ ಕಥೆಯಲ್ಲಿ ಮೂರು ಉತ್ತರಗಳೂ ಬೆರೆತುಕೊಂಡಿವೆ.

ಸಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕರಾವಳಿಗೆ ಬಂದಿಳಿದರು. ಮೂವರಿಂದ ಆಗುವ ಕೆಲಸ ಇದಲ್ಲ ಎಂಬುದು ಬೇಗನೆ ತಿಳಿಯಿತು. ಕನ್ನಡ, ತುಳು, ಕೊಂಕಣಿ, ಮಲಯಾಳ ಆಡುವ ಜನರ ನಡುವೆ ಭಾಷೆಯನ್ನೇ ಇನ್ನೂ ಕಲಿಯುತ್ತಿರುವವನು ಎಷ್ಟು ಮನೆಗಳಿಗೆ ಹೋಗಬಲ್ಲ? ಊರಿನವರನ್ನೇ ತಯಾರು ಮಾಡಬೇಕಿತ್ತು. ಅದಕ್ಕೆ ಇಬ್ಬರು ಎರಡು ದಾರಿ ಹಿಡಿದರು.

ಹೆಬಿಕ್ ಅವರದು ಜಾತ್ರೆಯ ದಾರಿ. 1841ರಿಂದ ಕಣ್ಣೂರಿನಲ್ಲಿ ನೆಲೆನಿಂತ ಅವರು ತಳಿಪರಂಬ, ಪಯ್ಯಾವೂರಿನ ಜಾತ್ರೆಗಳಿಗೆ ತಮ್ಮ ಉಪದೇಶಿಗಳನ್ನು ಕಟ್ಟಿಕೊಂಡು ಹೋಗುತ್ತಿದ್ದರು. ಗುರುವಿನ ಜೊತೆ ನಡೆದು, ಬೈಗುಳ ತಿಂದು, ಮಾತಾಡುತ್ತಲೇ ಮಾತು ಕಲಿಯುವ ವಿದ್ಯೆ ಅದು.

1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಅವರದು ಪಾಠಶಾಲೆಯ ದಾರಿ. ಕನ್ನಡದ ಓದುಗರಿಗೆ ಅವರು 1843ರ ‘ಮಂಗಳೂರ ಸಮಾಚಾರ’ದ ಸಂಪಾದಕರಾಗಿ ಪರಿಚಿತರು. ಅವರು ಅಷ್ಟೇ ಹಚ್ಚಿಕೊಂಡಿದ್ದ ಇನ್ನೊಂದು ಕೆಲಸ ಹುಡುಗರನ್ನು ಇರಿಸಿಕೊಂಡು ಓದಿಸುವುದು. 1847ರಲ್ಲಿ ಉಪದೇಶಿಗಳನ್ನು ತಯಾರು ಮಾಡುವ ಸೆಮಿನರಿ ಶುರುವಾಯಿತು. ಮಂಗಳೂರಿನ ಬಲ್ಮಠದಲ್ಲಿ ಇಂದಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಬೇರು ಅಲ್ಲಿದೆ.

ಮೋಗ್ಲಿಂಗ್ ಅವರ ಶಿಷ್ಯರಲ್ಲಿ ಆನಂದರಾವ್ ಕೌಂಡಿನ್ಯರ ಕಥೆ ಎಲ್ಲರಿಗಿಂತ ಬೇರೆ. 1825ರಲ್ಲಿ ಹುಟ್ಟಿದ ಈ ಸಾರಸ್ವತ ಬ್ರಾಹ್ಮಣ ತರುಣ 1844ರ ಜನವರಿಯಲ್ಲಿ ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕುದಿಯಿತು. ಆತ ಗುರುವಿನ ಹೆಸರನ್ನೇ ತನ್ನ ಹೆಸರಿನ ಮುಂದಿಟ್ಟುಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯನಾದ. 1846ರಲ್ಲಿ ಮೋಗ್ಲಿಂಗ್ ಊರಿಗೆ ಹೊರಟಾಗ ಶಿಷ್ಯನನ್ನೂ ಹಡಗು ಹತ್ತಿಸಿದರು. ಬಾಸೆಲಿನಲ್ಲಿ ಜರ್ಮನ್, ಸ್ವಿಸ್ ತರುಣರ ಪಕ್ಕದಲ್ಲಿ ಕೂತು ಓದಿದ ಕೌಂಡಿನ್ಯರು 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಬಂದದ್ದು ಮಿಷನರಿಯ ಸಹಾಯಕನಾಗಿ ಅಲ್ಲ, ಮಿಷನರಿಯಾಗಿಯೇ. ಮುಂದೆ ಸೆಮಿನರಿಯಲ್ಲಿ ಪಾಠ ಹೇಳಿದರು. ಕೊಡಗಿನ ಆನಂದಪುರ ಇವರ ಹೆಸರನ್ನೇ ಹೊತ್ತಿದೆ. ಅವರು ತೀರಿಕೊಂಡದ್ದು 1893ರಲ್ಲಿ.

ಹಾಗಾದರೆ ಬಾಸೆಲ್ ಮಿಷನ್ ಹದಿನೇಳೇ ವರ್ಷದಲ್ಲಿ ಹೊಣೆಯನ್ನು ಸ್ಥಳೀಯರಿಗೆ ಒಪ್ಪಿಸಿತು ಎನ್ನಬಹುದೆ? ಇಲ್ಲ. ಕೌಂಡಿನ್ಯರಿಗೆ ತೆರೆದ ಬಾಗಿಲು ಅವರ ಹಿಂದೆ ಬಂದವರಿಗೆ ಅಷ್ಟು ಅಗಲವಾಗಿ ತೆರೆಯಲಿಲ್ಲ. ಕೊಚ್ಚಿಯ ರಾಜಮನೆತನದ ಜೇಕಬ್ ರಾಮವರ್ಮ ಮಲಬಾರಿನಲ್ಲಿ 1856ರಲ್ಲಿ ಗುರುದೀಕ್ಷೆ ಪಡೆದರು, ಎರಡೇ ವರ್ಷದಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಬದುಕಿನ ಕಥೆಯನ್ನು ಮಲಯಾಳದ ಮೊದಲ ಆತ್ಮಕಥೆ ಎಂದು ಎಣಿಸುತ್ತಾರೆ. ಇಂಥ ಕೆಲವರನ್ನು ಬಿಟ್ಟರೆ ಉಳಿದವರ ಬಾಳು ಬೇರೆ. ಸೆಮಿನರಿ ಮುಗಿಸಿ ಉಪದೇಶಿಯಾಗಿ ಊರೂರು ತಿರುಗುವುದು, ವರ್ಷಗಳ ಮೇಲೆ ಕೆಲವರು ಸಭಾಪಾಲಕರಾಗುವುದು, ಹಲವರು ಉಪದೇಶಿಯಾಗಿಯೇ ಮುದುಕರಾಗುವುದು. ಪ್ರಸಂಗ ಮಾಡುವವರು, ರೋಗಿಯ ಬಳಿ ಕೂರುವವರು, ಹೆಣ ಮಣ್ಣು ಮಾಡುವವರು ಅವರು. ಯಾರನ್ನು ಎಲ್ಲಿಗೆ ಕಳಿಸಬೇಕು, ಹಣ ಹೇಗೆ ಖರ್ಚಾಗಬೇಕು ಎಂಬ ಕೊನೆಯ ಮಾತು ಮಿಷನರಿಯದು.

ಇದಕ್ಕೆ ಬಿಳಿಯರ ಅಹಂಕಾರವೇ ಕಾರಣ ಎಂದು ಮುಗಿಸಿಬಿಡಬಹುದು. ಆ ಅಹಂಕಾರ ಇದ್ದದ್ದೂ ನಿಜ. ಆದರೆ ಇನ್ನೆರಡು ಕಾರಣಗಳನ್ನು ನೋಡಬೇಕು.

ಮೊದಲನೆಯದು ಅನ್ನದ ಪ್ರಶ್ನೆ. ದೀಕ್ಷಾಸ್ನಾನ ಪಡೆದವರು ಮನೆ, ಜಾತಿ, ಗೇಣಿ ಭೂಮಿ ಕಳೆದುಕೊಳ್ಳುತ್ತಿದ್ದರು. ಅವರಿಗೆ ಕೆಲಸ ಕೊಡಲೆಂದು ಮಿಷನ್ ನೇಯ್ಗೆ ಶಾಲೆ ತೆರೆಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಮಂಗಳೂರು ಹಂಚು ಲೋಕಪ್ರಸಿದ್ಧವಾಯಿತು. ಆದರೆ ಇದರಿಂದ ವಿಚಿತ್ರ ಸಂಬಂಧವೊಂದು ಬೆಳೆಯಿತು. ಭಾನುವಾರ ಪೀಠದಲ್ಲಿ ನಿಲ್ಲುವ ಮಿಷನ್ನೇ ಸೋಮವಾರ ಕೂಲಿ ಕೊಡುವ ಧಣಿ, ಬಾಡಿಗೆ ಪಡೆಯುವ ಒಡೆಯ. ಸಭೆಯ ಹಿರಿಯನೆಂದು ಕುರ್ಚಿಯ ಮೇಲೆ ಕೂರಿಸಿದರೂ, ಕಾರ್ಖಾನೆಯಲ್ಲಿ ದುಡಿಯುವ ಮನುಷ್ಯ ಧಣಿಯ ಮುಂದೆ ಎಷ್ಟು ದೂರ ‘ಇಲ್ಲ’ ಎಂದಾನು?

ಎರಡನೆಯದು ಇನ್ನೂ ಸೂಕ್ಷ್ಮ. ಮಿಷನರಿಗೂ ಪೂರ್ಣ ಅಧಿಕಾರ ಇರಲಿಲ್ಲ. ಅವನು ಬಾಸೆಲಿನ ಕಮಿಟಿಯ ಆಳು. ಮದುವೆಯಾಗಲೂ ಕಮಿಟಿಯ ಒಪ್ಪಿಗೆ ಬೇಕಿತ್ತು. 1851–52ರಲ್ಲಿ ಇಲ್ಲಿಗೆ ಬಂದು ಠಾಣೆಗಳನ್ನು ನೋಡಿಹೋದ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹಾನ್ಸ್ ಎಲ್ಲವನ್ನೂ ಕಟ್ಟುನಿಟ್ಟಿನ ನಿಯಮಕ್ಕೆ ಒಳಪಡಿಸಿದರು. ತನ್ನ ಮದುವೆಯನ್ನೇ ತಾನು ತೀರ್ಮಾನಿಸಲಾಗದವನು ಬೇರೊಬ್ಬನಿಗೆ ತೀರ್ಮಾನದ ಹಕ್ಕನ್ನು ಎಲ್ಲಿಂದ ತಂದು ಕೊಡಬೇಕು? ಅಂಬಾಜಿದುರ್ಗದ ಕಿಲ್ಲೇದಾರನೂ ಹೀಗೆಯೇ ಇದ್ದಿರಬೇಕು.

ಆ ಕಾಲದಲ್ಲಿ ಬೇರೆ ಮಾತೂ ಕೇಳಿಬರುತ್ತಿತ್ತು. ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಎಂಬ ಮಿಷನ್ ಕಾರ್ಯದರ್ಶಿಗಳು ಸ್ಥಳೀಯ ಸಭೆ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕು, ತನ್ನನ್ನು ತಾನೇ ಆಳಿಕೊಳ್ಳಬೇಕು, ತಾನೇ ಬೆಳೆಯಬೇಕು ಎಂದು ವಾದಿಸುತ್ತಿದ್ದರು. ಬೈಬಲಿನಲ್ಲೇ ಇದಕ್ಕೆ ಆಧಾರವಿತ್ತು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ ಬುದ್ಧಿ ಹೇಳುತ್ತಾನೆ: ಹೀಗಾದರೆ ನೀನೂ ಸೊರಗುವೆ, ಜನವೂ ಸೊರಗುವುದು, ನಂಬುಗೆಯವರನ್ನು ಆರಿಸಿ ಚಿಕ್ಕ ವ್ಯಾಜ್ಯಗಳನ್ನು ಅವರೇ ತೀರಿಸಲಿ ಎನ್ನು. ಇತ್ರೋ ಹಂಚಲು ಹೇಳಿದ್ದು ಬರಿಯ ದುಡಿಮೆಯನ್ನಲ್ಲ, ತೀರ್ಪು ಕೊಡುವ ಅಧಿಕಾರವನ್ನು. ಸೆಮಿನರಿಯಲ್ಲಿ ಈ ಕಥೆ ಓದಿದ ಉಪದೇಶಿಗೆ ಏನನ್ನಿಸಿರಬೇಡ!

1910ರ ಎಡಿನ್‌ಬರೊ ಸಮ್ಮೇಳನದಲ್ಲಿ ತೆಲುಗು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ವಿ.ಎಸ್. ಅಜರಯ್ಯ ಇದನ್ನು ಬಾಯಿಬಿಟ್ಟೇ ಹೇಳಿದರು. ಮಿಷನರಿಗಳ ತ್ಯಾಗವನ್ನು ನೆನೆದು, ಅದೆಲ್ಲದರ ಜೊತೆ ಸ್ನೇಹವನ್ನೂ ಕೊಡಿ ಎಂದು ಕೇಳಿದರು. ಎರಡು ವರ್ಷಗಳ ಮೇಲೆ ದೋರ್ಣಕಲ್ಲಿನಲ್ಲಿ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು.

ಮಂಗಳೂರಿಗೆ ಉತ್ತರ ಬಂದದ್ದು ಸಮ್ಮೇಳನದಿಂದಲ್ಲ, ಯುದ್ಧದಿಂದ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟರು, ಆಮೇಲೆ ‘ಗೋಲ್ಕೊಂಡ’ ಹಡಗಿನಲ್ಲಿ ಊರಿಗೆ ಕಳಿಸಿದರು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಎಂಬತ್ತು ವರ್ಷಗಳಿಂದ ಹಂತಹಂತವಾಗಿ ಆಗಬೇಕಿದ್ದದ್ದು ಕೆಲವೇ ತಿಂಗಳಲ್ಲಿ ಆಯಿತು. ಸಭಾಪಾಲಕರು, ಉಪದೇಶಿಗಳು, ಹಿರಿಯರು ಸಭೆಗಳನ್ನು ಹೊತ್ತರು.

ಸಭೆ ಕುಸಿಯಲಿಲ್ಲ. ಇದು ಎರಡು ವಿಷಯ ಹೇಳುತ್ತದೆ. ಮೋಗ್ಲಿಂಗ್ ಕಾಲದಿಂದ ನಡೆದ ತರಬೇತಿ ಪೊಳ್ಳಾಗಿರಲಿಲ್ಲ, ಹೊಣೆ ಹೊರಬಲ್ಲವರು ತಯಾರಾಗಿದ್ದರು. ಹಾಗೆಯೇ ‘ಇವರಿನ್ನೂ ಸಿದ್ಧರಿಲ್ಲ’ ಎಂದು ಕಾದ ಕಾಲದಲ್ಲಿ ಬಹುಪಾಲು ಕಾಯಬೇಕಾಗಿಯೇ ಇರಲಿಲ್ಲ. ಯಜಮಾನಿಕೆಯನ್ನು ನಡೆಸದೆ ಯಾರೂ ಯಜಮಾನಿಕೆ ಕಲಿಯಲಾರರು.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಗಳ ಮೇಲೆ, ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅದರ ಮೈಸೂರು ಡಯಾಸಿಸ್‌ಗೆ ಪಿ. ಗುರುಶಾಂತ ಮೊದಲ ಬಿಷಪ್. ಅವರ ನಂತರ 1951ರಲ್ಲಿ ಬಂದವರು ಇಂಗ್ಲಿಷ್ ಮಿಷನರಿ ನಾರ್ಮನ್ ಸಾರ್ಜೆಂಟ್. ಇದು ಹಿಂದಿನ ಕಾಲಕ್ಕೆ ಮರಳಿದಂತೆ ಕಂಡೀತು, ಆದರೆ ಅಲ್ಲ. ಈಗ ಪರದೇಶದವನೂ ಇಲ್ಲಿನ ಸಭೆಯ ಕಟ್ಟಳೆಗೆ ಒಳಪಟ್ಟೇ ದುಡಿಯಬೇಕಿತ್ತು. 1970ರಲ್ಲಿ ಆ ಡಯಾಸಿಸ್ ದಕ್ಷಿಣ, ಮಧ್ಯ, ಉತ್ತರ ಎಂದು ಮೂರಾಯಿತು. ಚಿಕ್ಕಬಳ್ಳಾಪುರ ಸೀಮೆ ಮಧ್ಯ ಕರ್ನಾಟಕಕ್ಕೆ ಸೇರಿತು.

ಈ ಚರಿತ್ರೆಯ ಅಂಚಿನಲ್ಲಿ ಉಳಿದುಹೋದವರೂ ಇದ್ದಾರೆ. ಗಂಡಸು ಹೊಸ್ತಿಲು ದಾಟಲಾಗದ ಮನೆಗಳಿಗೆ ಹೋಗಿ ಓದು, ಹೊಲಿಗೆ, ಬೈಬಲ್ ಕಲಿಸಿದ ಬೈಬಲ್ ಹೆಂಗಸರು. ಮಿಷನರಿ ಉಪದೇಶಿಗೆ ಏನನ್ನು ಕೊಡಲು ಹಿಂಜರಿದನೋ ಅದನ್ನೇ ಉಪದೇಶಿ ತನ್ನ ಪಕ್ಕದ ಹೆಂಗಸಿಗೆ ಕೊಡಲು ಹಿಂಜರಿದ. ಕೈ ಬದಲಾದರೂ ಹಿಡಿತದ ರೂಢಿ ಹಾಗೆಯೇ ಉಳಿಯುತ್ತದೆ.

ಇಂದೂ ಒಬ್ಬ ಸಭಾಪಾಲಕರಿಗೆ ಹಲವು ಹಳ್ಳಿಗಳಿರುವುದುಂಟು. ಅವರು ಬಾರದ ಭಾನುವಾರ ಹಿರಿಯರೊಬ್ಬರು ವಾಕ್ಯ ಓದಿ ಪ್ರಾರ್ಥನೆ ನಡೆಸುತ್ತಾರೆ. ಅವರನ್ನು ತಯಾರು ಮಾಡಿದ್ದೇವೆಯೇ ಎಂದು ನಾವು ಕೇಳುತ್ತೇವೆ. ಸಭೆಯ ಲೆಕ್ಕದ ಪುಸ್ತಕ ಅವರ ಮುಂದೆ ತೆರೆದಿದೆಯೇ, ಅವರ ‘ಇಲ್ಲ’ಕ್ಕೆ ಬೆಲೆ ಇದೆಯೇ ಎಂದೂ ಕೇಳಬೇಕು. ಮಂಗಳೂರಿನವರು ಎಂಬತ್ತು ವರ್ಷ ಕಾದದ್ದು ಅದಕ್ಕೇ.