ಆರು ಹುಂಜಗಳು ಕಲಿಸಿದ ಪಾಠ

ಮಕ್ಕಳಾಗದ ಗಂಡಸಿಗೆ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡರೆ ಸರಿಹೋಗುತ್ತೆ ಅಂತ ನಂಬಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಇತಿಹಾಸ ಹೇಳೋದೇ ಬೇರೆ.

1848ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಅರ್ನಾಲ್ಡ್ ಬರ್ತೋಲ್ಡ್ ಎಂಬ ಮೇಷ್ಟ್ರು ಆರು ಎಳೆ ಹುಂಜಗಳನ್ನು ಹಿಡಿದರು. ಎರಡರ ಬೀಜ ಪೂರ್ತಿ ತೆಗೆದರು. ಉಳಿದ ನಾಲ್ಕರಲ್ಲಿ ಬೀಜ ಬಿಡಿಸಿ, ಒಂದೊಂದನ್ನು ಕರುಳಿನ ನಡುವೆ ಹಾಗೇ ಬಿಟ್ಟರು. ಮೊದಲೆರಡು ಮಂಕಾದವು, ಜುಟ್ಟು ಬೆಳೆಯಲಿಲ್ಲ. ನಾಲ್ಕು ಮಾತ್ರ ಕೂಗಿದವು, ಜಗಳವಾಡಿದವು! ಕೊಯ್ದು ನೋಡಿದರೆ ಬೀಜಕ್ಕೆ ಹೊಸ ರಕ್ತನಾಳ ಬಂದಿತ್ತು, ನರ ಬಂದಿರಲಿಲ್ಲ. ಅಂದರೆ ಸಂದೇಶ ಹೋಗೋದು ರಕ್ತದಲ್ಲಿ.

1920ರ ದಶಕದ ಕೊನೆಗೆ ಅಮೆರಿಕದ ಫಿಲಿಪ್ ಸ್ಮಿತ್ ಇಲಿಗಳ ಪಿಟ್ಯುಟರಿ ಗ್ರಂಥಿ ತೆಗೆದರು. ವೃಷಣ ಮುದುಡಿತು. ಪಿಟ್ಯುಟರಿ ಅಂಗಾಂಶ ಕಸಿಮಾಡಿದಾಗ ಮತ್ತೆ ಚೇತರಿಸಿತು. ಯಜಮಾನ ತಲೆಯಲ್ಲಿದ್ದಾನೆ ಅಂತಾಯ್ತು. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅರ್ನ್ಸ್ಟ್ ಲಾಕರ್ ತಂಡ ಹೋರಿಯ ವೃಷಣದಿಂದ ಟೆಸ್ಟೋಸ್ಟೆರಾನ್ ಬೇರ್ಪಡಿಸಿತು.

ತಮಾಷೆ ಇಲ್ಲೇ ಇದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಪಿಟ್ಯುಟರಿ 'ಸಾಕಷ್ಟಿದೆ' ಅಂತ ಸುಮ್ಮನಾಗುತ್ತೆ. ಆಗ ವೃಷಣದೊಳಗಿನ ಉತ್ಪಾದನೆ ಕುಸಿದು ವೀರ್ಯಾಣುಗಳೂ ಇಳಿಯುತ್ತವೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟು ಇದನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಪಿಟ್ಯುಟರಿ ಸೋತವರಲ್ಲಿ ವೀರ್ಯಾಣು ಬರಿಸಲು ವೈದ್ಯರು ಕೊಡೋದು ಯಜಮಾನನ ಕೆಲಸ ಮಾಡುವ ಹಾರ್ಮೋನುಗಳನ್ನು.

ಜಿಮ್‌ನಲ್ಲಿ ಸ್ನಾಯುವಿಗಾಗಿ ಚುಚ್ಚಿಸಿಕೊಳ್ಳೋ ಹುಡುಗರಿಗೆ ಇದನ್ನು ಯಾರು ಹೇಳ್ತಾರೆ? ನಿಮಗೆ ಗೊತ್ತಿರೋರಿದ್ದರೆ ನೀವೇ ಹೇಳಿಬಿಡಿ.