ಬೆಂಗಳೂರಿನ ಶಾಸನಗಳೂ ಮಿಥಿಕ್ ಸೊಸೈಟಿಯೂ

ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂದು ನಮ್ಮ ಸಂಘದ ಕನ್ನಡ ತರಗತಿಯ ಮಕ್ಕಳು ಕೇಳಿದಾಗಲೆಲ್ಲ ನಾವು ಹೇಳುವುದು ವೀರಬಲ್ಲಾಳನ ಕಥೆಯನ್ನೇ: ಬೇಟೆಯಲ್ಲಿ ದಾರಿ ತಪ್ಪಿದ ಅರಸ, ಬೆಂದ ಕಾಳು ಕೊಟ್ಟ ಮುದುಕಿ, ಬೆಂದಕಾಳೂರು. ಕಥೆಯೇನೋ ಸೊಗಸಾಗಿದೆ. ಆದರೆ ಇಮ್ಮಡಿ ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಗಳಿಗೂ ಹಿಂದೆ, ಸುಮಾರು ಕ್ರಿ.ಶ. 890ರಲ್ಲಿ, ಬೇಗೂರಿನ ವೀರಗಲ್ಲೊಂದು ಬೆಂಗಳೂರ ಕಾಳಗವನ್ನು ಹೆಸರಿಸಿ, ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಅದರಲ್ಲಿ ಮಡಿದ ಸಂಗತಿಯನ್ನು ಹೇಳುತ್ತದೆ. ಊರಿನ ಹೆಸರಿನ ಪ್ರಾಚೀನತೆಗೆ ನಮಗಿರುವ ಆಧಾರ ಈ ಒಂದು ಕಲ್ಲು. ಅದು ಒಡೆದು ಹೋಗಿದ್ದರೆ ನಮಗೆ ಉಳಿಯುತ್ತಿದ್ದುದು ಬೆಂದ ಕಾಳು ಮಾತ್ರ.

ಇಂಥ ಕಲ್ಲುಗಳನ್ನು ಹುಡುಕಿ ಓದಿದ ಮೊದಲಿಗರಲ್ಲಿ ಬಿ. ಎಲ್. ರೈಸ್ ಪ್ರಮುಖರು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರು ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಸಿದ್ಧಪಡಿಸಿದರು, ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ 1905ರಲ್ಲಿ ಅಚ್ಚಾಯಿತು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಸವರಿ ತೆಗೆಯುವ ಪಡಿಯಚ್ಚು ಆ ಕಾಲದ ಶಾಸನಶಾಸ್ತ್ರದ ಮುಖ್ಯ ಸಾಧನ.

ನಾಲ್ಕು ವರ್ಷಗಳ ತರುವಾಯ, 1909ರಲ್ಲಿ, ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಸ್ಥಾಪನೆಯಾಯಿತು. ಎಫ್. ಜೆ. ರಿಚರ್ಡ್ಸ್ ಅದರ ಮೊದಲ ಅಧ್ಯಕ್ಷರು. ಇಂದಿನ ನೃಪತುಂಗ ರಸ್ತೆಯಲ್ಲಿರುವ ಅದರ ಸ್ವಂತ ಕಟ್ಟಡ, ಡೇಲಿ ಸ್ಮಾರಕ ಭವನ, 1917ರಲ್ಲಿ ಆರಂಭವಾಯಿತು. ಇತಿಹಾಸ, ಜನಪದ, ಧರ್ಮ, ಪುರಾಣಗಳ ಅಧ್ಯಯನಕ್ಕೆಂದು ಹುಟ್ಟಿದ ಈ ಸಂಸ್ಥೆಯ ತ್ರೈಮಾಸಿಕ ಪತ್ರಿಕೆಯನ್ನು ತಿರುವಿದರೆ ಮೈಸೂರು ಸೀಮೆಯ ವಿದ್ವತ್ತಿನ ಒಂದು ಶತಮಾನವೇ ಕಾಣುತ್ತದೆ. ಆದರೂ ಬಹುಕಾಲ ಅದು ಓದುವವರ, ಬರೆಯುವವರ ಮನೆಯಾಗಿತ್ತೇ ಹೊರತು, ಹೊಲದ ಬದುವಿನಲ್ಲಿ ಬಿದ್ದ ಕಲ್ಲಿಗೂ ಅದಕ್ಕೂ ನಡುವೆ ಸಾಕಷ್ಟು ದೂರವಿತ್ತೆಂದೇ ನನ್ನ ಅನಿಸಿಕೆ.

ಆ ದೂರವನ್ನು ಕಡಿಮೆ ಮಾಡಿದವರಲ್ಲಿ ಹೆಚ್ಚಿನವರು ಇತಿಹಾಸದ ಪ್ರಾಧ್ಯಾಪಕರಲ್ಲ. ಬೇರೆ ಬೇರೆ ಉದ್ಯೋಗಗಳಲ್ಲಿದ್ದ ಹವ್ಯಾಸಿಗಳು ರೈಸ್ ಅವರ ಸಂಪುಟವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ನಮೂದಾದ ಊರುಗಳಲ್ಲಿ ಕಲ್ಲುಗಳನ್ನು ಅರಸತೊಡಗಿದರು. ಕೆಲವು ಸಿಕ್ಕವು, ಎಷ್ಟೋ ಸಿಗಲಿಲ್ಲ. ಸಿಕ್ಕವು ಕೂಡ ಎಂಥ ಸ್ಥಿತಿಯಲ್ಲಿ! ಒಂದು ಬಟ್ಟೆ ಒಗೆಯುವ ಕಲ್ಲಾಗಿದ್ದರೆ, ಇನ್ನೊಂದರ ಅಕ್ಷರಗಳು ಬಣ್ಣದಡಿ ಮುಚ್ಚಿಹೋಗಿರುತ್ತವೆ. ಮತ್ತೊಂದನ್ನು ನಿಧಿಯ ಆಸೆಗೆ ಕಿತ್ತಿರುತ್ತಾರೆ. ದಾನವನ್ನು ಅಳಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲೆಂದು ಶಾಸನಗಳು ಶಪಿಸುತ್ತವೆ. ರಸ್ತೆ ಅಗಲ ಮಾಡುವ ಯಂತ್ರ ಯಾವ ಶಾಪಕ್ಕೆ ಹೆದರೀತು?

2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಊರನ್ನು ಕಾಯಲು ಹೋರಾಡಿ ಸತ್ತ ಕಿತ್ತಯ್ಯನೆಂಬ ವೀರನ ನೆನಪಿನ ಕಲ್ಲು ಅದು. ನಾಡಿನ ಹೆಸರನ್ನು ಅದರಲ್ಲಿ ಪೆರ್ಬೊಳಲೆಂದು ಬರೆದಿದೆ. ಹೆಬ್ಬಾಳದ ಮೇಲ್ಸೇತುವೆಯ ವಾಹನದಟ್ಟಣೆಯಲ್ಲಿ ಬೆವರಿದ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಹನ್ನೆರಡೂವರೆ ಶತಮಾನಗಳ ಹಿಂದೆಯೇ ‘ಹಿರಿಯ ಪಟ್ಟಣ’ವೆಂಬ ಅರ್ಥದ ಹೆಸರು ಹೊತ್ತ ಊರೆಂಬುದು ತಿಳಿದಿತ್ತು?

2021ರಿಂದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುವ ಕಾರ್ಯ ನಡೆದಿದೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಗೆರೆಯೂ ಗಣಕದ ಪರದೆಯ ಮೇಲೆ ಏಳುತ್ತದೆ. ರೈಸ್ ಅವರ ಕಾಲದಲ್ಲಿ ಓದಲಾಗದ, ತಪ್ಪಾಗಿ ಓದಿದ ಅಕ್ಷರಗಳನ್ನು ತಿದ್ದಲು ಸಾಧ್ಯವಾಗಿದೆ. ಚಿತ್ರಗಳು ಎಲ್ಲರಿಗೂ ಮುಕ್ತ. ಸಾವಿರಾರು ಮೈಲಿ ದೂರದಲ್ಲಿರುವ ನಾವೂ ಊಟದ ಮೇಜಿನ ಮೇಲೆ ಕಿತ್ತಯ್ಯನ ಕಲ್ಲನ್ನು ಮಕ್ಕಳಿಗೆ ತೋರಿಸಬಹುದು.

ಇದನ್ನೆಲ್ಲ ಓದುತ್ತಿದ್ದಾಗ ನನ್ನ ತಾಯಿಯ ತವರು ನೆನಪಾಯಿತು. ನಗರದ ಅಂಚಿನಲ್ಲಿದ್ದ ಆ ಹಳ್ಳಿಯಲ್ಲಿ ನಮ್ಮ ಹೊಲದ ಬದುವಿಗೆ ಆನಿಕೊಂಡು ಅಕ್ಷರಗಳಿದ್ದ ಒಂದು ಕಲ್ಲಿತ್ತು. ಕಾರ್ತಿಕದಲ್ಲಿ ಅಜ್ಜಿ ಅಲ್ಲೊಂದು ದೀಪವಿಡುತ್ತಿದ್ದರು. ಏನು ಬರೆದಿದೆಯೆಂದು ನಾವು ಯಾರೂ ಕೇಳಿದವರಲ್ಲ. ಹದಿನೈದು ವರ್ಷಗಳ ಹಿಂದೆ ಹೊಲವನ್ನು ಬಡಾವಣೆಗೆ ಮಾರಿದಾಗ ಮಾರಾಟದ ಪತ್ರಕ್ಕೆ ನಾನೂ ಇಲ್ಲಿಂದಲೇ ಸಹಿ ಮಾಡಿ ಕಳಿಸಿದೆ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಸೋದರಮಾವನ ಮಗನನ್ನು ಕಲ್ಲಿನ ಬಗ್ಗೆ ವಿಚಾರಿಸಿದೆ. “ಯಾವ ಕಲ್ಲು? ಆ ದೀಪದ ಕಲ್ಲಾ? ಪಾಯಕ್ಕೆ ಹಾಕಿರ್ತಾರೆ, ಬಿಡು” ಎಂದ.

ಒಂಬತ್ತನೆಯ ಸಂಪುಟದಲ್ಲಿ ಆ ಹಳ್ಳಿಯ ಹೆಸರನ್ನು ಹುಡುಕಿದೆ. ಇದೆ. ಕೆರೆ ಕಟ್ಟಿಸಿದವನೊಬ್ಬನಿಗೆ ಕೊಟ್ಟ ಕಟ್ಟುಕೊಡಗೆಯ ಐದು ಸಾಲುಗಳು. ಕೊಡಗೆ ಪಡೆದವನ ಹೆಸರಿರಬೇಕಾದ ಜಾಗದಲ್ಲಿ ಅಕ್ಷರ ಸವೆದಿದೆಯೆಂದು ಸೂಚಿಸುವ ಚುಕ್ಕೆಗಳು.